ಮುಂಬೈ ನೆನಪೈತಿ, ಹುಬ್ಬಳ್ಳಿ ಕೋರ್ಟ್ ನೆನಪೈತೇನ್ರಿ? ದಾಳಿ ಆದಮೇಲೆ ದೇಶ ಏನು ಮಾಡುತ್ತೆ, ನಾವೇನು ಮಾಡಬೇಕು

ಹುಬ್ಬಳ್ಳಿ: ನವೆಂಬರ್ 26 ಅಂದ್ರೆ ಏನು ಅಂತ ದುರ್ಗದಬೈಲಿನಾಗ ಯಾರನ್ನ ಕೇಳಿದ್ರೂ ಹೇಳ್ತಾರ. ತಾಜ್ ಹೋಟೆಲ್, ಕಸಬ್, ಮೂರು ದಿನ ಟಿವಿ ಮುಂದೆ ಕುಂತಿದ್ದು, ಎಲ್ಲಾ ನೆನಪೈತಿ. ಅದೇ 2008ರ ಮೇ 10ರಂದು ಏನಾಗಿತ್ತು ಅಂತ ಕೇಳಿ ನೋಡ್ರಿ. ಬಹಳ ಮಂದಿ ತಲಿ ಕೆರಕೋತಾರ.

ಆ ದಿನ ಬಾಂಬ್ ಸ್ಫೋಟಗೊಂಡಿದ್ದು ದೂರದ ಊರಿನಲ್ಲಲ್ಲ, ನಮ್ಮದೇ ಹುಬ್ಬಳ್ಳಿಯ ನ್ಯಾಯಾಲಯದಲ್ಲಿ. ರಾಜ್ಯದ ದಕ್ಷಿಣ ಭಾಗದಲ್ಲಿ ವಿಧಾನಸಭೆ ಚುನಾವಣೆಯ ಮೊದಲ ಹಂತದ ಮತದಾನ ನಡೆದಿತ್ತು. ನಮ್ಮ ಕಡೆ ಎರಡನೇ ಶನಿವಾರ, ಕೋರ್ಟಿಗೆ ರಜೆ. ಹಾಗಾಗಿ ಒಂದು ಜೀವಕ್ಕೂ ಹಾನಿ ಆಗಲಿಲ್ಲ.

ಸೋಮವಾರ ಆಗಿದ್ದರೆ? ಕುಂದಗೋಳ, ಕಲಘಟಗಿ, ನವಲಗುಂದದಿಂದ ಹೊಲದ ತಂಟೆ, ಚೆಕ್ ಬೌನ್ಸ್ ಕೇಸ್ ಅಂತ ಬಂದ ಮಂದಿ, ವಕೀಲರು, ಗುಮಾಸ್ತರು, ಹೊರಗೆ ಚಹಾ ಮಾರುವವರು, ಎಲ್ಲರೂ ಅಲ್ಲೇ ಇರುತ್ತಿದ್ದರು. ಉಳಿದಿದ್ದು ಕ್ಯಾಲೆಂಡರ್ ಪುಣ್ಯದಿಂದ. ಆದ್ರೆ ಯಾರೂ ಸಾಯಲಿಲ್ಲ ಅನ್ನೋ ಕಾರಣಕ್ಕೇ ನಾವು ಅದನ್ನು ಮರೆತೂ ಬಿಟ್ಟಿವಿ. ಈಗ ಕೋರ್ಟ್ ಹೊಸ ಸಂಕೀರ್ಣಕ್ಕೆ ಹೋಗಿದೆ, ಹಳೆಯ ಮಾತು ಇನ್ನೂ ಹಳೆಯದಾಗಿದೆ.

ಒಂದೇ ವರ್ಷ, ಎಷ್ಟೊಂದು ಊರು

2008 ದೇಶಕ್ಕೆ ಕೆಟ್ಟ ವರ್ಷ. ಹುಬ್ಬಳ್ಳಿ ಸ್ಫೋಟದ ಮೂರು ದಿನಕ್ಕೆ, ಮೇ 13ರಂದು ಜೈಪುರ. ಜುಲೈ 25ಕ್ಕೆ ಬೆಂಗಳೂರು, ಮರುದಿನವೇ ಅಹಮದಾಬಾದ್. ಸೆಪ್ಟೆಂಬರ್ 13ಕ್ಕೆ ದೆಹಲಿ. ನವೆಂಬರ್ 26ರ ರಾತ್ರಿ ಮುಂಬೈ. ಅಲ್ಲಿ 166 ಜನ ಬಲಿಯಾದರು.

ಇವೆಲ್ಲ ಬೇರೆ ಬೇರೆ ಪ್ರಕರಣಗಳು, ಬೇರೆ ಬೇರೆ ಆರೋಪಿಗಳು. ಆದರೆ ಆ ವರ್ಷ ಮುಗಿಯುವಷ್ಟರಲ್ಲಿ ಸಂಸತ್ತು ಎರಡು ಕೆಲಸ ಮಾಡಿತು. ಉಗ್ರ ಕೃತ್ಯಗಳ ತನಿಖೆಗೇ ಅಂತ ರಾಷ್ಟ್ರೀಯ ತನಿಖಾ ದಳ, ಅಂದರೆ ಎನ್‌ಐಎ ರಚಿಸುವ ಕಾಯ್ದೆ ತಂದಿತು. ಯುಎಪಿಎ ಕಾಯ್ದೆಯನ್ನು ಬಿಗಿ ಮಾಡಿತು. ಮುಂಬೈಗೆ ಕಮಾಂಡೊಗಳು ದೆಹಲಿ ಕಡೆಯಿಂದ ಬರಬೇಕಾಗಿ ತಡವಾಗಿದ್ದರಿಂದ, ಎನ್‌ಎಸ್‌ಜಿ ಕೇಂದ್ರಗಳನ್ನು ಬೇರೆ ಮಹಾನಗರಗಳಲ್ಲೂ ತೆರೆದರು.

ದೇಶ ನೆನಪಿಡುವ ಒಂದು ರೀತಿ ಇದು. ಮೇಣದಬತ್ತಿ ಒಂದು ರಾತ್ರಿ ಉರಿಯುತ್ತೆ, ಕಾಯ್ದೆ, ಕಚೇರಿ ಉಳಿಯುತ್ತೆ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಸ್ಫೋಟ ಆದಾಗ ತನಿಖೆ ಕೆಲವೇ ದಿನದಲ್ಲಿ ಎನ್‌ಐಎಗೆ ಹೋಯಿತು, ಏಪ್ರಿಲ್ 12ಕ್ಕೆ ಇಬ್ಬರು ಪ್ರಮುಖ ಆರೋಪಿಗಳು ಪಶ್ಚಿಮ ಬಂಗಾಳದಲ್ಲಿ ಸಿಕ್ಕರು.

ಹೆಸರು ಉಳಿಸೋ ರೀತಿ

ಇನ್ನೊಂದು ರೀತಿ, ಹೆಸರಿನದು. ತಾಜ್ ಹೋಟೆಲ್ ಕಾರ್ಯಾಚರಣೆಯಲ್ಲಿ ಪ್ರಾಣ ಕೊಟ್ಟ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಬೆಳೆದವರು. 2009ರ ಗಣರಾಜ್ಯೋತ್ಸವಕ್ಕೆ ಮರಣೋತ್ತರ ಅಶೋಕ ಚಕ್ರ ಬಂತು. ಯಲಹಂಕ ಉಪನಗರದ ಒಂದು ರಸ್ತೆಗೆ ಅವರ ಹೆಸರಿದೆ. ಅಲ್ಲಿನ ಅಂಗಡಿಕಾರರು ವಿಳಾಸ ಬರೆಯುವಾಗೆಲ್ಲ ಆ ಹೆಸರು ಬರೆಯಬೇಕು. ಸ್ಮಾರಕಕ್ಕಿಂತ ಇದು ಗಟ್ಟಿ ನೆನಪು ಅನ್ನಬಹುದು.

ಸೈನಿಕರನ್ನು ಕಳಿಸಿಕೊಡುವ ಬಾವುಟಕ್ಕೂ ನಮ್ಮೂರಿಗೂ ನಂಟಿದೆ. ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ತಯಾರಾಗುವ ಖಾದಿ ರಾಷ್ಟ್ರಧ್ವಜ ಒಂಬತ್ತು ಅಳತೆಯಲ್ಲಿ ಬರುತ್ತೆ. ಅದರಲ್ಲಿ 6 ಅಡಿ ಉದ್ದ, 4 ಅಡಿ ಅಗಲದ್ದು ಹುತಾತ್ಮರ ಪಾರ್ಥಿವ ಶರೀರದ ಮೇಲೆ ಹೊದಿಸುವುದಕ್ಕೆ. ಹೊಲಿಯುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ 40 ಸಿಆರ್‌ಪಿಎಫ್ ಯೋಧರು ಹುತಾತ್ಮರಾದರು, ಅವರಲ್ಲಿ ನಮ್ಮ ಮಂಡ್ಯ ಜಿಲ್ಲೆಯವರೂ ಒಬ್ಬರಿದ್ದರು. ಅಂಥ ದಿನ ಟಿವಿಯಲ್ಲಿ ಕಾಣುವ ಬಾವುಟದ ಹಿಂದೆ ಇಂಥ ಕೈಗಳ ಕೆಲಸ ಇರುತ್ತೆ.

ಧ್ವಜ ಸಂಹಿತೆಯ ನಿಯಮವೂ ತಿಳಿದಿರಲಿ. ಶವಪೆಟ್ಟಿಗೆ ಮೇಲೆ ಹೊದಿಸುವಾಗ ಕೇಸರಿ ತಲೆ ಕಡೆ ಬರಬೇಕು. ಧ್ವಜವನ್ನು ಕುಣಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ. ದಾಳಿ ಸುದ್ದಿ ಬಂದಾಗ ಅಂಗಡಿ ಮುಂದೆ, ಗಾಡಿ ಮೇಲೆ ಬಾವುಟ ಏರುತ್ತೆ, ವಾರ ಕಳೆದ ಮೇಲೆ ಗಟಾರದಾಗ ಬಿದ್ದಿರುತ್ತೆ. ಗಾಡಿ ಬಾನೆಟ್ ಮೇಲೆ ಹೊದಿಸೋದು, ಬಾವುಟದ ಮೇಲೆ ಅಕ್ಷರ ಬರೆಯೋದು, ಎರಡೂ ತಪ್ಪು. ಹರಿದ ಬಾವುಟವನ್ನು ಬೀದಿಗೆ ಎಸೆಯದೆ, ಮರ್ಯಾದೆಯಿಂದ, ಖಾಸಗಿಯಾಗಿ ಸುಡಬೇಕು ಅನ್ನುತ್ತೆ ಸಂಹಿತೆ.

ಸತ್ತವರ ಮನೆಗೆ ಏನು ಸಿಗುತ್ತೆ

ನೆನಪು ಅಂದರೆ ಮನೆಯವರನ್ನು ನೋಡಿಕೊಳ್ಳೋದೂ ಹೌದು. ಉಗ್ರರ ದಾಳಿ, ಕೋಮು ಹಿಂಸೆ, ನಕ್ಸಲ್ ಹಿಂಸೆಯಲ್ಲಿ ಬಲಿಯಾದ ನಾಗರಿಕರ ಕುಟುಂಬಕ್ಕೆ ಕೇಂದ್ರ ಗೃಹ ಸಚಿವಾಲಯದ ನೆರವು ಯೋಜನೆ ಇದೆ. ಇದು 2008ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮೊದಲು 3 ಲಕ್ಷ ರೂಪಾಯಿ ಇತ್ತು, 2016ರಲ್ಲಿ 5 ಲಕ್ಷಕ್ಕೆ ಏರಿಸಿದರು. ಶಾಶ್ವತ ಅಂಗವೈಕಲ್ಯ ಆದವರಿಗೂ ಅನ್ವಯಿಸುತ್ತೆ. ಕೆಲಸ ನಡೆಯೋದು ಜಿಲ್ಲಾಧಿಕಾರಿ ಕಚೇರಿ ಮೂಲಕ. ಉಗ್ರರ ದಾಳಿಯಲ್ಲಿ ತಂದೆ ಅಥವಾ ತಾಯಿಯನ್ನು ಕಳಕೊಂಡ ಮಕ್ಕಳಿಗೆ ಕೇಂದ್ರದ ಕೋಟಾದಲ್ಲಿ ಕೆಲವು ಎಂಬಿಬಿಎಸ್, ಬಿಡಿಎಸ್ ಸೀಟುಗಳೂ ಇವೆ.

ಆದರೆ ಇದು ಜೀವಕ್ಕೆ ಸಂಬಂಧಿಸಿದ್ದು. ಅಂಗಡಿ, ಸರಕು ಹಾಳಾದರೆ ನೋಡಬೇಕಾದ್ದು ನಿಮ್ಮ ವಿಮೆ. ಅಮೆರಿಕದ 9/11 ದಾಳಿ ನಂತರ ಈ ನಷ್ಟ ಭರಿಸಲು ವಿಮಾ ಕಂಪನಿಗಳು ಹಿಂದೇಟು ಹಾಕಿದಾಗ, 2002ರಲ್ಲಿ ನಮ್ಮ ದೇಶದಲ್ಲಿ ಎಲ್ಲ ಸೇರಿ ಒಂದು ನಿಧಿ ಮಾಡಿಕೊಂಡವು. ನಿಮ್ಮ ಪಾಲಿಸಿಯಲ್ಲಿ ಭಯೋತ್ಪಾದನಾ ಕೃತ್ಯದ ಹಾನಿ ಸೇರಿದೆಯೋ, ಅದಕ್ಕೆ ಬೇರೆ ಪ್ರೀಮಿಯಂ ಕಟ್ಟಬೇಕೋ ಅಂತ ಏಜೆಂಟರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಸಿಟ್ಟು ಯಾರ ಮೇಲೆ?

ಇದು ಹೇಳಲೇಬೇಕಾದ ಮಾತು. ಕೋರ್ಟ್ ಸ್ಫೋಟ ಆದ ದಿನ ಮಂದಿ ಬಾಯಾಗ ಬಂದ ಊಹೆ ಒಂದು. 2009ರ ಜನವರಿಯಲ್ಲಿ ಪೊಲೀಸರು ಆ ಪ್ರಕರಣದಲ್ಲಿ ಹಿಡಿದಿದ್ದು ಊಹೆಯಲ್ಲಿ ಇಲ್ಲದಿದ್ದ ಬೇರೆ ಗುಂಪನ್ನು. ಅದೇ 2008ರಲ್ಲಿ ಹುಬ್ಬಳ್ಳಿಯಲ್ಲಿ ದಾಖಲಾದ ಇನ್ನೊಂದು ಸಂಚಿನ ಪ್ರಕರಣದಲ್ಲಿ 17 ಮಂದಿ ಆರೋಪಿಗಳಿದ್ದರು. 2015ರಲ್ಲಿ ಇಲ್ಲಿನ ನ್ಯಾಯಾಲಯ ಅವರೆಲ್ಲರನ್ನೂ ಖುಲಾಸೆ ಮಾಡಿತು.

ಪೊಲೀಸರು ಸುಮ್ಮನೆ ಕೂರಬೇಕು ಅಂತಲ್ಲ. ಆರೋಪಿ ಬೇರೆ, ಅಪರಾಧಿ ಬೇರೆ. ಅವೆರಡರ ನಡುವೆ ಕೋರ್ಟ್ ಇರುತ್ತೆ. ಬಾಂಬ್ ಇಟ್ಟವರು ಹೊಡೆದಿದ್ದು ಆ ಕೋರ್ಟಿಗೇ ಅನ್ನೋದನ್ನ ಮರೀಬಾರದು.

2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯಲ್ಲಿ ಉಗ್ರರು 26 ಮಂದಿಯನ್ನು ಕೊಂದರು. ಶಿವಮೊಗ್ಗ, ಬೆಂಗಳೂರಿನವರೂ ಅದರಲ್ಲಿದ್ದರು. ಪ್ರವಾಸಿಗರನ್ನು ಉಳಿಸಲು ಹೋದ ಅಲ್ಲಿಯದೇ ಒಬ್ಬ ಮುಸ್ಲಿಂ ಕುದುರೆಯವನೂ ಗುಂಡಿಗೆ ಬಲಿಯಾದ. ದೇಶ ಸಿಂಧೂ ನದಿ ಒಪ್ಪಂದ ತಡೆಹಿಡಿಯಿತು, ಮೇ 7ರಂದು ಆಪರೇಷನ್ ಸಿಂಧೂರ ನಡೆಸಿತು. ಮೇ 10ರಂದು ಗುಂಡಿನ ಸದ್ದು ನಿಂತಿತು. ಸರ್ಕಾರ, ಸೇನೆ ಮಾಡುವ ಕೆಲಸ ಅದು. ಪಕ್ಕದ ಅಂಗಡಿಯವನ ಹೆಸರು ನೋಡಿ ವ್ಯಾಪಾರ ನಿಲ್ಲಿಸೋದು ಆ ಕೆಲಸದ ಭಾಗ ಅಲ್ಲ. ಉಗ್ರರಿಗೆ ಬೇಕಾಗಿರೋದೂ ಅದೇ, ದುರ್ಗದಬೈಲಿನಾಗ ಒಬ್ಬರ ಮುಖ ಒಬ್ಬರು ನೋಡದಂಗ ಆಗೋದು.

ನಮ್ಮ ಕೈಯಲ್ಲಿ ಇರೋದು

ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಇದ್ದ ಚೀಲವನ್ನು ಕೈ ತೊಳೆಯುವ ಜಾಗದ ಹತ್ತಿರ ಬಿಟ್ಟು ಹೋಗಿದ್ದರು. ಆರೋಪಿಯ ಸುಳಿವು ಸಿಕ್ಕಿದ್ದು ಸಿಸಿಟಿವಿ ದೃಶ್ಯಗಳಿಂದ, ಚೆನ್ನೈನಲ್ಲಿ ಕೊಂಡ ಒಂದು ಟೋಪಿಯಿಂದ. ಅಂದರೆ ಅಂಗಡಿಕಾರರ ಕ್ಯಾಮೆರಾ, ಅಂಗಡಿಕಾರರ ಬಿಲ್ ಎಷ್ಟು ಮುಖ್ಯ ನೋಡ್ರಿ.

ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟಬೇಡಿ, ಜನರನ್ನು ದೂರ ಸರಿಸಿ, 112ಕ್ಕೆ ಕರೆ ಮಾಡಿ. ಕ್ಯಾಮೆರಾ ನಿಜವಾಗಿ ರೆಕಾರ್ಡ್ ಆಗ್ತಿದೆಯಾ, ಅದರ ಗಡಿಯಾರ ಸರಿ ಇದೆಯಾ ಅಂತ ವಾರಕ್ಕೊಮ್ಮೆ ನೋಡಿ. ಸಿಮ್ ಮಾರುವವರು, ಲಾಡ್ಜ್ ನಡೆಸುವವರು, ಮನೆ ಬಾಡಿಗೆಗೆ ಕೊಡುವವರು ಗುರುತಿನ ಚೀಟಿ ಎಲ್ಲರದ್ದೂ ಕೇಳಿ, ಮುಖ ನೋಡಿ ಕೇಳಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ಎಲ್ಲಿಯದು, ಯಾವಾಗಿನದು ಗೊತ್ತಿಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.

ಆ ಕೆಫೆ ಒಂದೇ ವಾರದಲ್ಲಿ, ಸಿಬ್ಬಂದಿಯೆಲ್ಲ ರಾಷ್ಟ್ರಗೀತೆ ಹಾಡಿ ಮತ್ತೆ ಬಾಗಿಲು ತೆರೆಯಿತು. ಬೆಳಿಗ್ಗೆ ಶಟರ್ ಎತ್ತೋದೂ ಒಂದು ಉತ್ತರವೇ.

ಪ್ರತಿ ಮೇ 21ರಂದು ಸರ್ಕಾರಿ ಕಚೇರಿಗಳಲ್ಲಿ ಭಯೋತ್ಪಾದನಾ ವಿರೋಧಿ ದಿನದ ಪ್ರತಿಜ್ಞೆ ಮಾಡ್ತಾರ. 1991ರಲ್ಲಿ ರಾಜೀವ್ ಗಾಂಧಿ ಹತ್ಯೆಯಾದ ದಿನ ಅದು. ಅದಕ್ಕೆ ಹನ್ನೊಂದು ದಿನ ಮೊದಲು ಬರುವ ಮೇ 10 ನಮ್ಮೂರಿನದು. ದೊಡ್ಡ ಸಭೆ ಏನೂ ಬೇಕಾಗಿಲ್ಲ. ಆವತ್ತು ಅಂಗಡಿಯ ಹುಡುಗರನ್ನು ಹತ್ತು ನಿಮಿಷ ಕೂರಿಸಿ, ಚೀಲ ಕಂಡರೆ ಏನು ಮಾಡಬೇಕು, ಯಾವ ಬಾಗಿಲಿಂದ ಗಿರಾಕಿಗಳನ್ನು ಹೊರಗೆ ಕಳಿಸಬೇಕು ಅಂತ ಹೇಳಿಕೊಟ್ಟರೆ ಸಾಕು. ಮುಂದಿನ ಸಲ ಎರಡನೇ ಶನಿವಾರ ಇರುತ್ತೆ ಅಂತ ಯಾರೂ ಬರಕೊಟ್ಟಿಲ್ಲ.