ಚಾಟ್ ಸರ್ವರ್ ಬದಲಿಸುವಾಗ ಅಂಕಪಟ್ಟಿಗಳು ಕಳೆಯದಿರಲಿ

ವಿದ್ಯಾರ್ಥಿಗಳು ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳನ್ನು ಚಾಟ್‌ನಲ್ಲೇ ಕಳುಹಿಸುವುದುಂಟು. ಸಂಸ್ಥೆಯು ಮ್ಯಾಟ್ರಿಕ್ಸ್‌ನ ಸಿನಾಪ್ಸ್ ತಂತ್ರಾಂಶವನ್ನು ಸ್ವಂತ ಸರ್ವರ್‌ನಲ್ಲಿ ನಡೆಸುತ್ತಿದ್ದರೆ, ಕಡತದ ವಿವರ ಡೇಟಾಬೇಸ್‌ನಲ್ಲಿ, ಕಡತ ಮಾತ್ರ ಮೀಡಿಯಾ ಫೋಲ್ಡರ್‌ನಲ್ಲಿ ಇರುತ್ತದೆ. ಡೇಟಾಬೇಸ್ ಒಂದನ್ನೇ ಸಾಗಿಸಿದರೆ ಸಂದೇಶ ಕಾಣುತ್ತದೆ, ಅಂಕಪಟ್ಟಿ ತೆರೆಯುವುದಿಲ್ಲ.

ಆದ್ದರಿಂದ ಹೊಸ ಯಂತ್ರಕ್ಕೆ ಹೋಗುವಾಗ ಮೊದಲು ಸಿನಾಪ್ಸ್ ನಿಲ್ಲಿಸಿ, ಎರಡನ್ನೂ ಒಟ್ಟಿಗೆ ನಕಲಿಸಬೇಕು. ಸರ್ವರ್‌ನ ಹೆಸರು ಬದಲಾಗಬಾರದು. ನಮ್ಮಲ್ಲೇ ಹಾಕಿದ ಪ್ರತಿ ಕಡತದ ವಿಳಾಸದಲ್ಲೂ ಆ ಹೆಸರೇ ಇರುತ್ತದೆ. ಫೋಲ್ಡರನ್ನು ಓದುವ, ಬರೆಯುವ ಅನುಮತಿ ಸಿನಾಪ್ಸ್ ನಡೆಯುವ ಖಾತೆಗೆ ಇರಬೇಕು. ಬೇರೆ ಸರ್ವರ್‌ಗಳಿಂದ ಬಂದ ಕಡತಗಳು ಸಾಮಾನ್ಯವಾಗಿ ಮತ್ತೆ ಸಿಗುತ್ತವೆ; ನಮ್ಮಲ್ಲೇ ಹಾಕಿದವು ಹೋದರೆ ಮರಳಿ ಸಿಗುವ ಭರವಸೆಯಿಲ್ಲ. ಹಳೆಯ ಅರ್ಜಿಗಳ ಕೆಲವು ಕಡತಗಳನ್ನು ತೆರೆದು ನೋಡಿದ ನಂತರವೇ ಹಳೆಯ ಡಿಸ್ಕ್ ಅಳಿಸಿ. ವಿದ್ಯಾರ್ಥಿಗಳು ಮೂಲ ಪ್ರತಿಗಳನ್ನು ತಮ್ಮಲ್ಲೇ ಇಟ್ಟುಕೊಳ್ಳತಕ್ಕದ್ದು.