ಪುಟದಡಿಯ ಪಾಠಾಂತರ

ಹಳೆಯ ಕಾವ್ಯವೊಂದು ಅಚ್ಚಾಗಿ ಕೈಗೆ ಬಂದಾಗ ನಾವು ಪದ್ಯಗಳನ್ನು ಓದುತ್ತೇವೆಯೇ ಹೊರತು ಪುಟದಡಿಯ ಸಣ್ಣಕ್ಷರಗಳತ್ತ ಕಣ್ಣು ಹಾಯಿಸುವುದು ಕಡಮೆ. ವಿದ್ಯಾರ್ಥಿದೆಸೆಯಲ್ಲಿ ನಾನೂ ಹಾಗೆಯೇ ಇದ್ದೆ. ಆದರೆ ಸಂಶೋಧಕನ ಪ್ರಾಮಾಣಿಕತೆ ನೆಲಸಿರುವುದು ಅಲ್ಲಿಯೇ.

ಕವಿಯ ಸ್ವಹಸ್ತಪ್ರತಿ ಉಳಿದಿರುವುದು ತೀರ ಅಪರೂಪ; ನಮಗೆ ದೊರೆಯುವುದು ಪ್ರತಿಯ ಪ್ರತಿ. ಓಲೆಗರಿಗಳಲ್ಲಿ ಎಕಾರ ಒಕಾರಗಳ ಹ್ರಸ್ವದೀರ್ಘಭೇದವನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. ‘ಕೊಡು’ ಎಂದು ಬರೆದಿದ್ದರೆ ಅದು ನೀಡುವ ಕೊಡುವೋ, ಬೆಟ್ಟದ ಕೋಡೋ? ಇಲ್ಲಿ ಛಂದಸ್ಸು ನೆರವಾಗುತ್ತದೆ. ಕಂದಪದ್ಯದ ಒಂದು, ಮೂರನೆಯ ಪಾದಗಳಿಗೆ 12 ಮಾತ್ರೆ. ಎರಡು, ನಾಲ್ಕನೆಯವಕ್ಕೆ 20. ಒಂದು ಮಾತ್ರೆ ಕೊರೆಯಾದರೆ ಅಲ್ಲಿ ದೀರ್ಘವಿದ್ದಿರಬೇಕೆಂದು ಊಹಿಸಬಹುದು.

ಎರಡು ಪಾಠಗಳೂ ಛಂದಸ್ಸಿಗೂ ಅರ್ಥಕ್ಕೂ ಹೊಂದಿದಾಗಲೇ ಸಂಪಾದಕನಿಗೆ ಪರೀಕ್ಷೆ. ತನಗೆ ರುಚಿಸಿದ್ದನ್ನು ಮೇಲಿಟ್ಟು ಉಳಿದುದನ್ನು ಮರೆಮಾಡಿದರೆ, ಅಳಿಸಿಹೋದದ್ದು ಕವಿಯ ಮಾತೇ ಆಗಿರಬಹುದು. ಈ ಶಾಸ್ತ್ರವನ್ನು ಕನ್ನಡದಲ್ಲಿ ವಿಸ್ತಾರವಾಗಿ ನಿರೂಪಿಸಿದ ಗ್ರಂಥ ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (1964).

ಬಿಟ್ಟ ಪಾಠವನ್ನೂ ಅಡಿಯಲ್ಲಿ ಕಾಣಿಸಿದವನು, ಮುಂದೆ ಬರುವ ವಿದ್ಯಾರ್ಥಿಗೆ ತನ್ನನ್ನು ತಿದ್ದುವ ಅಧಿಕಾರವನ್ನು ಕೊಟ್ಟುಹೋಗುತ್ತಾನೆ. ಈಗ ಹಳೆಯ ಕಾವ್ಯವನ್ನು ತೆರೆದಾಗ ನನ್ನ ಕಣ್ಣು ಮೊದಲು ಪುಟದ ಕೆಳಕ್ಕೇ ಇಳಿಯುತ್ತದೆ.