ಕೃಷಿಕರ ಆಸ್ತಿ ವಿಮೆ: ನೈಸರ್ಗಿಕ ವಿಕೋಪದ ಅಪಾಯವನ್ನು ಅಳೆಯುವ ಬಗೆ

ಬೆಳೆ ವಿಮೆಯ ಬಗ್ಗೆ ರೈತರಲ್ಲಿ ಇಂದು ಸಾಕಷ್ಟು ಅರಿವು ಮೂಡಿದೆ. ಆದರೆ ಹೊಲದಾಚೆಗಿರುವ ಆಸ್ತಿಯ ವಿಮೆಯ ಬಗ್ಗೆ ಅಷ್ಟು ತಿಳಿವಳಿಕೆ ಇಲ್ಲ. ವಾಸದ ಮನೆ, ಗೋದಾಮು, ದನದ ಕೊಟ್ಟಿಗೆ, ಕೋಳಿ ಶೆಡ್, ಪಾಲಿಹೌಸ್, ಪಂಪ್‌ಸೆಟ್ ಇವೆಲ್ಲ ಹಲವು ವರ್ಷಗಳ ಉಳಿತಾಯ ಹಾಗೂ ಸಾಲದಿಂದ ಆದ ಆಸ್ತಿಗಳು. ಒಂದು ಪ್ರವಾಹ ಅಥವಾ ಒಂದು ಬಿರುಗಾಳಿ ಅವನ್ನು ಒಂದೇ ರಾತ್ರಿಯಲ್ಲಿ ನಾಶಮಾಡಬಲ್ಲದು. ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯು ಅಧಿಸೂಚಿತ ಬೆಳೆಗೆ ಮಾತ್ರ ಅನ್ವಯಿಸುತ್ತದೆ. ಕಟಾವಿನ ನಂತರದ ನಷ್ಟಕ್ಕೂ ಅದರಲ್ಲಿ ಅವಕಾಶವಿದೆ. ಆದರೆ ಅದು ಒಣಗಲೆಂದು ಹೊಲದಲ್ಲಿ ಹರಡಿದ ಫಸಲಿಗೆ, ಗರಿಷ್ಠ 14 ದಿನಗಳವರೆಗೆ, ನಿಗದಿತ ವಿಕೋಪಗಳಿಗೆ ಸೀಮಿತವಾದುದು. ಅದೇ ಫಸಲು ಗೋದಾಮು ಸೇರಿದ ಮೇಲೆ ಆ ರಕ್ಷಣೆ ಮುಗಿಯುತ್ತದೆ. ಅಲ್ಲಿಂದ ಮುಂದೆ ಬೇಕಾಗುವುದು ಆಸ್ತಿ ವಿಮೆ.

ಆಸ್ತಿ ವಿಮೆಯನ್ನು ನೀಡುವ ಮುನ್ನ ವಿಮಾ ಸಂಸ್ಥೆಯು ಆ ಆಸ್ತಿಗಿರುವ ಅಪಾಯವನ್ನು ಅಳೆಯುತ್ತದೆ. ವಿಮೆ ನೀಡಬೇಕೇ, ಎಷ್ಟು ಕಂತು ವಿಧಿಸಬೇಕು, ಯಾವ ಷರತ್ತು ಹಾಕಬೇಕು ಎಂಬುದು ಈ ಅಳತೆಯ ಮೇಲೆ ನಿರ್ಧಾರವಾಗುತ್ತದೆ. ಅದೇ ಅಳತೆಯನ್ನು ತಾವೂ ತಮ್ಮ ಆಸ್ತಿಗೆ ಮಾಡಿಕೊಂಡಲ್ಲಿ ಎರಡು ಲಾಭಗಳಿವೆ: ಸೂಕ್ತ ವಿಮೆಯನ್ನು ಸರಿಯಾದ ಮೊತ್ತಕ್ಕೆ ಪಡೆಯಬಹುದು; ನಷ್ಟವಾದಾಗ ಪರಿಹಾರ ಕಡಿತಗೊಳ್ಳುವುದನ್ನು ತಪ್ಪಿಸಬಹುದು.

ಅಪಾಯದ ಮೂರು ಅಂಗಗಳು

ಅಪಾಯ ಎಂಬುದು ಮೂರು ಅಂಶಗಳ ಗುಣಲಬ್ಧ. ಮೊದಲನೆಯದು ವಿಕೋಪದ ಸಂಭವ, ಅಂದರೆ ಆ ಜಾಗದಲ್ಲಿ ಪ್ರವಾಹ ಅಥವಾ ಬಿರುಗಾಳಿ ಎಷ್ಟು ವರ್ಷಕ್ಕೊಮ್ಮೆ, ಎಷ್ಟು ತೀವ್ರವಾಗಿ ಬರುತ್ತದೆ ಎಂಬುದು. ಎರಡನೆಯದು ಅದರ ದಾರಿಯಲ್ಲಿರುವ ಆಸ್ತಿಯ ಮೌಲ್ಯ. ಮೂರನೆಯದು ಆಸ್ತಿಯ ದೌರ್ಬಲ್ಯ, ಅಂದರೆ ವಿಕೋಪ ಬಂದಾಗ ಆ ಮೌಲ್ಯದ ಎಷ್ಟು ಭಾಗ ಹಾಳಾಗುತ್ತದೆ ಎಂಬುದು.

ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಹಳ್ಳದ ಸಮೀಪದ ಒಂದು ಗೋದಾಮಿನ ಮೌಲ್ಯ 10 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಅಲ್ಲಿಗೆ ಸರಾಸರಿ 25 ವರ್ಷಕ್ಕೊಮ್ಮೆ ನೀರು ನುಗ್ಗುತ್ತದೆ, ನುಗ್ಗಿದಾಗ ಶೇ. 30ರಷ್ಟು ಹಾನಿಯಾಗುತ್ತದೆ. 25 ವರ್ಷಕ್ಕೊಮ್ಮೆ ಎಂದರೆ ಯಾವುದೇ ಒಂದು ವರ್ಷದಲ್ಲಿ ಶೇ. 4ರ ಸಂಭವ. ನಷ್ಟ 3 ಲಕ್ಷ, ಅದರ ಶೇ. 4 ಎಂದರೆ ವರ್ಷಕ್ಕೆ ಸರಾಸರಿ 12,000 ರೂಪಾಯಿ. ನೆಲಗಟ್ಟನ್ನು ಎತ್ತರಿಸಿ, ಚೀಲಗಳನ್ನು ಅಟ್ಟಣಿಗೆಯ ಮೇಲೆ ಜೋಡಿಸಿದ್ದರಿಂದ ಹಾನಿಯು ಶೇ. 10ಕ್ಕೆ ಇಳಿದರೆ ಈ ಸರಾಸರಿ ನಷ್ಟ 4,000 ರೂಪಾಯಿಗೆ ಇಳಿಯುತ್ತದೆ. ಮಳೆಯನ್ನು ತಡೆಯಲು ಯಾರಿಗೂ ಸಾಧ್ಯವಿಲ್ಲ. ಆದರೆ ಮೂರನೆಯ ಅಂಶವಾದ ದೌರ್ಬಲ್ಯವು ಬಹುಮಟ್ಟಿಗೆ ಕೃಷಿಕರ ಕೈಯಲ್ಲಿಯೇ ಇದೆ.

'25 ವರ್ಷಕ್ಕೊಮ್ಮೆ' ಎಂಬ ಮಾತನ್ನು ತಪ್ಪಾಗಿ ಅರ್ಥೈಸಬಾರದು. ಒಮ್ಮೆ ಬಂದುಹೋದರೆ ಇನ್ನು 25 ವರ್ಷ ನಿಶ್ಚಿಂತೆ ಎಂದು ಇದರ ಅರ್ಥವಲ್ಲ. ಇಂತಹ ಪ್ರವಾಹವು ಮುಂದಿನ 10 ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಂಭವ ಸುಮಾರು ಶೇ. 34, 20 ವರ್ಷಗಳಲ್ಲಿ ಶೇ. 56. ಸಾಲದ ಅವಧಿಯಷ್ಟು ಕಾಲವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇದು ಅಪರೂಪದ ಘಟನೆಯಲ್ಲ.

ವಿಕೋಪವಾರು ಗಮನಿಸಬೇಕಾದ ಅಂಶಗಳು

ಪ್ರವಾಹ: ಇಲ್ಲಿ ಜಿಲ್ಲೆಯ ಹೆಸರಿಗಿಂತ ನೆಲದ ಮಟ್ಟ ಮುಖ್ಯ. ಒಂದೇ ಊರಿನಲ್ಲಿ ದಿಬ್ಬದ ಮೇಲಿನ ಮನೆಗೂ ನದಿ ದಂಡೆಯ ಮನೆಗೂ ಅಪಾಯ ಬೇರೆ ಬೇರೆ. ಸ್ಥಳೀಯ ಮಳೆಯೊಂದನ್ನೇ ನೋಡಿ ತೀರ್ಮಾನಿಸುವುದೂ ಸರಿಯಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣಾ ತೀರದ ಹಳ್ಳಿಗಳು ಮುಳುಗಲು ಮಹಾರಾಷ್ಟ್ರದ ಜಲಾನಯನ ಪ್ರದೇಶದ ಭಾರಿ ಮಳೆ ಹಾಗೂ ಅಲ್ಲಿಂದ ಹರಿದುಬಂದ ನೀರು ಪ್ರಮುಖ ಕಾರಣವಾಗಿದ್ದವು. ಮಲಪ್ರಭಾ ಮತ್ತು ಘಟಪ್ರಭಾ ತೀರದಲ್ಲಿರುವವರು ಜಲಾಶಯದಿಂದ ನೀರು ಬಿಟ್ಟಾಗ ತಮ್ಮ ಊರಿನಲ್ಲಿ ಯಾವ ಮಟ್ಟ ತಲುಪುತ್ತದೆ ಎಂಬುದನ್ನು ತಿಳಿದಿರಬೇಕು. 2009 ಮತ್ತು 2019ರಲ್ಲಿ ಗೋಡೆಗಳ ಮೇಲೆ ಉಳಿದ ನೀರಿನ ಗುರುತುಗಳು ಇಂದಿಗೂ ಉತ್ತಮ ಸಾಕ್ಷ್ಯ.

ಭೂಕುಸಿತ: 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತಗಳು ಮಲೆನಾಡಿನ ಎಲ್ಲ ಜಿಲ್ಲೆಗಳಿಗೂ ಎಚ್ಚರಿಕೆಯಾಗಿವೆ. ಇಳಿಜಾರಿನ ಕಡಿದು, ಮನೆಯ ಹಿಂದೆ ನೆಟ್ಟಗೆ ಕಡಿದ ಮಣ್ಣಿನ ಗೋಡೆ, ಮುಚ್ಚಿಹೋದ ನೀರಿನ ದಾರಿ, ಇಳಿಜಾರಿನ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳುವ ಬಿರುಕು, ಇದ್ದಕ್ಕಿದ್ದಂತೆ ಒಸರುವ ಕೆಂಪು ನೀರು ಇವು ಗಮನಿಸಬೇಕಾದ ಲಕ್ಷಣಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಭೂಕುಸಿತಕ್ಕೆ ಈಡಾಗಬಹುದಾದ ಪ್ರದೇಶಗಳ ನಕ್ಷೆಗಳನ್ನು ಸಿದ್ಧಪಡಿಸಿದೆ.

ಗಾಳಿ: ಕಟ್ಟಡಗಳ ಮೇಲಿನ ಗಾಳಿಯ ಒತ್ತಡಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಮೂಲ ಗಾಳಿವೇಗವನ್ನು ನಿಗದಿಪಡಿಸಲಾಗಿದೆ. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಮಂಗಳೂರಿನ ಛಾವಣಿಯ ಮೇಲಿನ ಒತ್ತಡ ಸುಮಾರು ಶೇ. 40ರಷ್ಟು ಹೆಚ್ಚು. ಒಂದೇ ವಿನ್ಯಾಸದ ಪಾಲಿಹೌಸ್ ಅಥವಾ ತಗಡಿನ ಶೆಡ್ ಎಲ್ಲ ಕಡೆಗೂ ಹೊಂದುವುದಿಲ್ಲ ಎಂಬುದಕ್ಕೆ ಇದೇ ಕಾರಣ. ಛಾವಣಿಯ ತಗಡು ಹಾರುವುದು ಸಾಮಾನ್ಯವಾಗಿ ಅಂಚು ಮತ್ತು ಮೂಲೆಗಳಿಂದ. ಅಲ್ಲಿ ಕೊಕ್ಕೆ ಬೋಲ್ಟ್‌ಗಳನ್ನು ಹೆಚ್ಚು ಒತ್ತಾಗಿ ಹಾಕಿಸಬೇಕು.

ಸಿಡಿಲು ಮತ್ತು ಬೆಂಕಿ: ಮುಂಗಾರು ಪೂರ್ವದ ಏಪ್ರಿಲ್–ಮೇ ತಿಂಗಳುಗಳಲ್ಲಿ ಸಿಡಿಲಿನ ಅಪಾಯ ಹೆಚ್ಚು. ಹುಲ್ಲಿನ ಬಣವೆಯು ಮನೆ ಅಥವಾ ಕೊಟ್ಟಿಗೆಗೆ ಅಂಟಿಕೊಂಡಿದ್ದರೆ, ವಿದ್ಯುತ್ ತಂತಿಯ ಕೆಳಗೆ ಇದ್ದರೆ, ಅದು ಇಡೀ ಆಸ್ತಿಯ ಅಪಾಯವನ್ನು ಹೆಚ್ಚಿಸುತ್ತದೆ.

ಭೂಕಂಪ: ಐಎಸ್ 1893ರ 2016ರ ಆವೃತ್ತಿಯ ನಕ್ಷೆಯಲ್ಲಿ ಕರ್ನಾಟಕವು ಎರಡನೆಯ ಮತ್ತು ಮೂರನೆಯ ವಲಯಗಳಲ್ಲಿ ಬರುತ್ತದೆ. ಬೆಂಗಳೂರು ಎರಡನೆಯ ವಲಯದಲ್ಲಿದ್ದರೆ, ಮಂಗಳೂರು ಮತ್ತು ಬೆಳಗಾವಿ ಮೂರನೆಯ ವಲಯದಲ್ಲಿವೆ. ಸಂಭವ ಕಡಿಮೆಯಿದ್ದರೂ ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಯ ಹಳೆಯ ಮನೆಗಳಲ್ಲಿ ದೌರ್ಬಲ್ಯ ಹೆಚ್ಚು.

ವಿಮಾ ಸಂಸ್ಥೆಯು ಇವುಗಳ ಜೊತೆಗೆ ಇನ್ನೊಂದು ಅಂಶವನ್ನೂ ನೋಡುತ್ತದೆ. ಬೆಂಕಿ ತಗುಲಿದರೆ ಒಂದೆರಡು ಮನೆಗಳಿಗೆ ಹಾನಿ. ನದಿ ಉಕ್ಕಿದರೆ ತೀರದ ಹತ್ತಾರು ಊರುಗಳಿಗೆ ಒಮ್ಮೆಗೇ ಹಾನಿ. ಒಂದೇ ಪ್ರದೇಶದಲ್ಲಿ ಹೆಚ್ಚು ಆಸ್ತಿಗಳಿಗೆ ವಿಮೆ ನೀಡಿದ್ದಲ್ಲಿ ಸಂಸ್ಥೆಯ ಹೊಣೆ ಒಂದೆಡೆ ಶೇಖರಗೊಳ್ಳುತ್ತದೆ. ಆದ್ದರಿಂದಲೇ ನದಿ ತೀರದ ಆಸ್ತಿಗೆ ಸ್ಥಳ ಪರಿಶೀಲನೆ ಅಥವಾ ವಿಶೇಷ ಷರತ್ತುಗಳು ಬರಬಹುದು. ಪ್ರವಾಹದ ಮುನ್ಸೂಚನೆ ಹೊರಟ ಮೇಲೆ ಅರ್ಜಿ ಸಲ್ಲಿಸಿದರೆ ವಿಮೆ ನಿರಾಕರಣೆಯಾಗಬಹುದು. ಮುಂಗಾರಿಗೆ ಸಾಕಷ್ಟು ಮೊದಲೇ ವಿಮೆ ಮಾಡಿಸುವುದು ಕ್ಷೇಮ.

ವಿಮಾ ಮೊತ್ತ: ಪರಿಹಾರ ಕಡಿತಗೊಳ್ಳುವುದು ಇಲ್ಲಿಯೇ

ಕಂತು ಉಳಿಸುವ ಉದ್ದೇಶದಿಂದ ಆಸ್ತಿಯ ಮೌಲ್ಯವನ್ನು ಕಡಿಮೆ ಬರೆಸುವ ರೂಢಿ ಇದೆ. ಇದರ ಪರಿಣಾಮವನ್ನು ಮೇಲಿನ ಗೋದಾಮಿನ ಉದಾಹರಣೆಯಲ್ಲಿಯೇ ನೋಡಿ. ಮೌಲ್ಯ 10 ಲಕ್ಷ. ಬರೆಸಿದ್ದು 6 ಲಕ್ಷ. ನೀರು ನುಗ್ಗಿ ಆದ ನಷ್ಟ 3 ಲಕ್ಷ. ನಷ್ಟವು ವಿಮಾ ಮೊತ್ತದ ಒಳಗಿರುವುದರಿಂದ ಪೂರ್ತಿ 3 ಲಕ್ಷ ಸಿಗುತ್ತದೆ ಎಂದು ಭಾವಿಸುವುದು ಸಹಜ. ಆದರೆ ಹತ್ತರಲ್ಲಿ ಆರು ಪಾಲಿಗೆ ಮಾತ್ರ ವಿಮೆ ಇದ್ದುದರಿಂದ ನಷ್ಟದಲ್ಲಿಯೂ ಹತ್ತರಲ್ಲಿ ಆರು ಪಾಲು, ಅಂದರೆ 1.80 ಲಕ್ಷ ಮಾತ್ರ ದೊರೆಯುತ್ತದೆ. ಉಳಿದ 1.20 ಲಕ್ಷ ರೈತರ ಮೇಲೆಯೇ ಬೀಳುತ್ತದೆ.

ಕಟ್ಟಡದ ಮೌಲ್ಯವೆಂದರೆ ಅದನ್ನು ಇಂದು ಮತ್ತೆ ಕಟ್ಟಲು ತಗಲುವ ವೆಚ್ಚ. ಜಮೀನಿನ ಬೆಲೆ ಇದರಲ್ಲಿ ಸೇರುವುದಿಲ್ಲ. ದಾಸ್ತಾನಿನ ವಿಷಯದಲ್ಲಿ ಸುಗ್ಗಿಯ ನಂತರ ಗೋದಾಮು ತುಂಬಿರುವಾಗಿನ ಮೌಲ್ಯವನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಯಾವ ಆಸ್ತಿಗೆ ಯಾವ ಪಾಲಿಸಿ

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಏಕರೂಪದ ಪಾಲಿಸಿಗಳನ್ನು ಜಾರಿಗೆ ತಂದಿದೆ.

• ಭಾರತ್ ಗೃಹ ರಕ್ಷಾ: ವಾಸದ ಮನೆಗೆ. ಬೆಂಕಿ, ಸಿಡಿಲು, ಭೂಕಂಪ, ಚಂಡಮಾರುತ, ಪ್ರವಾಹ, ಭೂಕುಸಿತಗಳು ಇದರಲ್ಲಿ ಸೇರಿವೆ. ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಗೃಹೋಪಯೋಗಿ ವಸ್ತುಗಳಿಗೂ ರಕ್ಷಣೆ ದೊರೆಯುತ್ತದೆ. ಕಡಿಮೆ ಮೊತ್ತ ಬರೆಸಿದ್ದಕ್ಕಾಗಿ ಪರಿಹಾರವನ್ನು ಪ್ರಮಾಣಾನುಸಾರ ಕಡಿತಗೊಳಿಸುವ ನಿಯಮ ಇದರಲ್ಲಿಲ್ಲ. ಆದರೂ ವಿಮಾ ಮೊತ್ತವನ್ನು ಮೀರಿ ಪರಿಹಾರ ಸಿಗದು. ಮಾರಾಟಕ್ಕೆ ಇಟ್ಟ ಧಾನ್ಯ, ಅಡಿಕೆ, ಕಾಫಿ ಮುಂತಾದ ದಾಸ್ತಾನು ಗೃಹೋಪಯೋಗಿ ವಸ್ತುವಲ್ಲ ಎಂಬುದನ್ನು ಗಮನಿಸಿ.

• ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ: ಒಂದೇ ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಉದ್ಯಮದ ಆಸ್ತಿಗೆ. ಗೋದಾಮು, ಸಂಸ್ಕರಣಾ ಘಟಕ, ದಾಸ್ತಾನುಗಳನ್ನು ಇದರಡಿ ವಿಮೆಗೆ ಒಳಪಡಿಸಬಹುದು. ಮೌಲ್ಯದ ಕೊರತೆ ಶೇ. 15ರ ಒಳಗಿದ್ದರೆ ಕಡಿತವಿಲ್ಲ. ಮೇಲಿನ ಉದಾಹರಣೆಯಂತೆ ಶೇ. 40 ಇದ್ದರೆ ಕಡಿತ ಅನಿವಾರ್ಯ.

• ಪಂಪ್‌ಸೆಟ್, ಜಾನುವಾರು ಮತ್ತು ಕೋಳಿಗಳಿಗೆ ಪ್ರತ್ಯೇಕ ಪಾಲಿಸಿಗಳಿವೆ. ಪಾಲಿಹೌಸ್‌ನ ವಿಷಯದಲ್ಲಿ ಉಕ್ಕಿನ ಚೌಕಟ್ಟಿನೊಂದಿಗೆ ಪ್ಲಾಸ್ಟಿಕ್ ಹೊದಿಕೆ ಹಾಗೂ ಒಳಗಿನ ಬೆಳೆಯೂ ಸೇರಿವೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಪ್ರಸ್ತಾವನಾ ಅರ್ಜಿ ಮತ್ತು ಹೊರಗಿಟ್ಟ ಕಾರಣಗಳು

ಅರ್ಜಿಯಲ್ಲಿ ಗೋಡೆ, ಛಾವಣಿ, ಕಟ್ಟಡದ ಬಳಕೆ ಹಾಗೂ ಹಿಂದಿನ ನಷ್ಟಗಳ ವಿವರವನ್ನು ಕೇಳಲಾಗುತ್ತದೆ. ಹುಲ್ಲು, ಬಿದಿರು, ಟಾರ್ಪಾಲಿನ್ ಛಾವಣಿಯ ಕಟ್ಟಡಗಳನ್ನು ಕಚ್ಚಾ ಕಟ್ಟಡವೆಂದು ಪರಿಗಣಿಸಲಾಗುತ್ತದೆ. ಮನೆಯ ಒಂದು ಭಾಗವನ್ನು ಗೋದಾಮಾಗಿ ಬಳಸುತ್ತಿದ್ದರೆ, ಹಿಂದೆ ನೀರು ನುಗ್ಗಿದ್ದರೆ, ಅದನ್ನು ಮರೆಮಾಚಬಾರದು. ಮುಚ್ಚಿಟ್ಟ ಸಂಗತಿ ನಂತರ ಬಯಲಾದಲ್ಲಿ ಪರಿಹಾರವೇ ನಿರಾಕರಣೆಯಾಗುವ ಸಾಧ್ಯತೆಯಿದೆ. ಮಧ್ಯವರ್ತಿಗಳು ತುಂಬಿದ ಅರ್ಜಿಗೆ ಓದದೆ ಸಹಿ ಹಾಕಬೇಡಿ.

ಭೂಕುಸಿತವು ಪಾಲಿಸಿಯಲ್ಲಿ ಸೇರಿದ್ದರೂ ಅದರ ಎಲ್ಲ ಕಾರಣಗಳೂ ಸೇರಿರುವುದಿಲ್ಲ. ಅಗೆತ ಅಥವಾ ನೆಲಗೆಲಸದಿಂದಾದ ಕುಸಿತ, ತುಂಬಿದ ಮಣ್ಣು ಕೂರುವುದು, ನದಿ ಅಥವಾ ಕಡಲ ಕೊರೆತ, ದೋಷಪೂರಿತ ವಿನ್ಯಾಸ ಹಾಗೂ ಕಳಪೆ ಸಾಮಗ್ರಿ ಇವುಗಳನ್ನು ಹೊರಗಿಡಲಾಗಿದೆ. ಮನೆಯ ಹಿಂದಿನ ಗುಡ್ಡವನ್ನು ಜೆಸಿಬಿಯಿಂದ ಕಡಿಸುವವರು ಇದನ್ನು ಮೊದಲೇ ತಿಳಿದಿರಬೇಕು: ಆ ಕಡಿತದಿಂದ ಗುಡ್ಡ ಜಾರಿದರೆ ಜೀವಾಪಾಯದ ಜೊತೆಗೆ ವಿಮೆಯೂ ಕೈಬಿಡಬಹುದು.

ತಮ್ಮ ಆಸ್ತಿಯ ಅಪಾಯ ಪತ್ರವನ್ನು ತಾವೇ ಸಿದ್ಧಪಡಿಸಿ

ಪ್ರತಿ ವರ್ಷ ಮುಂಗಾರಿಗೆ ಮುನ್ನ ಈ ಕೆಳಗಿನ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ವಿಸ್ತರಣಾ ಕಾರ್ಯಕರ್ತರು ಗ್ರಾಮ ಸಭೆಗಳಲ್ಲಿ ಇದನ್ನು ಮಾಡಿಸಬಹುದು.

1. ಪ್ರತಿಯೊಂದು ಕಟ್ಟಡದ ಅಳತೆ, ಕಟ್ಟಿದ ವರ್ಷ, ಗೋಡೆ ಮತ್ತು ಛಾವಣಿಯ ಬಗೆ, ಇಂದು ಮತ್ತೆ ಕಟ್ಟುವ ವೆಚ್ಚ.
2. ಹಿರಿಯರು ಕಂಡ ಅತಿ ಎತ್ತರದ ನೀರಿನ ಗುರುತು ಹಾಗೂ ನೆಲಗಟ್ಟು ಅದಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಇದೆ ಎಂಬುದು. ಸ್ಟಾರ್ಟರ್ ಪೆಟ್ಟಿಗೆಯು ಈ ಗುರುತಿಗಿಂತ ಮೇಲಿರಲಿ.
3. ಹಳ್ಳ, ಕೆರೆಕೋಡಿ, ಕಡಿದಾದ ಇಳಿಜಾರು, ದೊಡ್ಡ ಮರ, ವಿದ್ಯುತ್ ಮಾರ್ಗಗಳಿಂದ ಇರುವ ದೂರ.
4. ಯಂತ್ರಗಳ ಬಿಲ್ಲು, ದಾಸ್ತಾನು ಪುಸ್ತಕ, ಎಲ್ಲ ದಿಕ್ಕುಗಳಿಂದ ತೆಗೆದ ದಿನಾಂಕಸಹಿತ ಛಾಯಾಚಿತ್ರಗಳು. ಇವುಗಳ ಪ್ರತಿಯನ್ನು ಮನೆಯ ಹೊರಗೂ ಇರಿಸಿ.

ಮಳೆಯ ಮಾಹಿತಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಸಂಗ್ರಹಿಸುವ ದತ್ತಾಂಶ ಉಪಯುಕ್ತ. ನಷ್ಟದ ದಿನ ಎಷ್ಟು ಮಳೆ ಬಿದ್ದಿತ್ತು ಎಂಬುದಕ್ಕೆ ಅದು ಆಧಾರವೂ ಹೌದು.

ನಷ್ಟ ಸಂಭವಿಸಿದಾಗ

ಮೊದಲು ಜನ, ಜಾನುವಾರುಗಳ ರಕ್ಷಣೆ. ಕೂಡಲೇ ವಿಮಾ ಸಂಸ್ಥೆಗೆ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದುಕೊಳ್ಳಿ. ಹಾನಿಗೊಂಡ ವಸ್ತುಗಳನ್ನು ತೆರವುಗೊಳಿಸುವ ಮುನ್ನ ಛಾಯಾಚಿತ್ರ ತೆಗೆಯಿರಿ. ಉಳಿದುದು ಹಾಳಾಗದಂತೆ ರಕ್ಷಿಸುವುದೂ ತಮ್ಮ ಹೊಣೆ. ಸರ್ವೇಯರ್ ಬಂದಾಗ ಮೇಲೆ ತಿಳಿಸಿದ ಹಾಳೆಯನ್ನು ತೋರಿಸಿ. ಪರಿಹಾರದ ಬಗ್ಗೆ ಆಕ್ಷೇಪವಿದ್ದಲ್ಲಿ ಸಂಸ್ಥೆಗೆ ಲಿಖಿತ ದೂರು ನೀಡಿ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಲ್ಲದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ.

ವಿಮೆಯು ವಿಕೋಪವನ್ನು ತಡೆಯುವುದಿಲ್ಲ. ಅದು ಆಸ್ತಿಯನ್ನು ಮತ್ತೆ ಕಟ್ಟಿಕೊಳ್ಳಲು ನೆರವಾಗುತ್ತದೆ. ಆ ನೆರವು ಎಷ್ಟು ದೊರೆಯುತ್ತದೆ ಎಂಬುದು ನಷ್ಟವಾದ ದಿನಕ್ಕಿಂತ ಹೆಚ್ಚಾಗಿ ಅರ್ಜಿಗೆ ಸಹಿ ಹಾಕಿದ ದಿನವೇ ನಿರ್ಧಾರವಾಗಿರುತ್ತದೆ. ಆದ್ದರಿಂದ ರೈತ ಬಾಂಧವರು ಮೊದಲು ತಮ್ಮ ಆಸ್ತಿಯ ಅಪಾಯವನ್ನು ಅಳೆದು, ಕಡಿಮೆ ಮಾಡಬಹುದಾದಷ್ಟನ್ನು ಕಡಿಮೆ ಮಾಡಿ, ಉಳಿದುದಕ್ಕೆ ಪೂರ್ಣ ಮೌಲ್ಯದ ವಿಮೆ ಮಾಡಿಸಬೇಕು. ಈ ಕುರಿತ ಮಾರ್ಗದರ್ಶನಕ್ಕೆ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.